ತೋಟಗಾರಿಕೆ ಓದಲು ಯಾವ ಕಾಲೇಜು? ಮೊದಲು ಅಲ್ಲಿನ ನರ್ಸರಿ ನೋಡಿ ಬನ್ನಿ

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನವರು. ಎರಡೂವರೆ ಎಕರೆ ಅಡಿಕೆ ತೋಟ ಇದೆ. ಜೊತೆಗೆ ಕಾಳುಮೆಣಸು, ಸ್ವಲ್ಪ ಏಲಕ್ಕಿ. ಮಗಳು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದಾಳೆ. ತೋಟಗಾರಿಕೆ ಪದವಿ ಮಾಡಿ, ಊರಿಗೆ ಬಂದು ನರ್ಸರಿ ಶುರು ಮಾಡುತ್ತೇನೆ ಅನ್ನುತ್ತಾಳೆ. ಶಿರಸಿಯಲ್ಲೇ ಕಾಲೇಜು ಇರುವಾಗ ಮನೆಯಿಂದಲೇ ಓಡಾಡಬಹುದಲ್ಲ ಎಂಬುದು ನಮ್ಮ ಲೆಕ್ಕ. ನೆಂಟರು ಬೆಂಗಳೂರೇ ಸರಿ ಅನ್ನುತ್ತಾರೆ. ಈ ನಡುವೆ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಏಜೆಂಟ್ ಒಬ್ಬರು ಫೋನ್ ಮಾಡಿ, ಸಿಇಟಿ ಬೇಡ, ಈಗಲೇ ದುಡ್ಡು ಕಟ್ಟಿದರೆ ಸೀಟು ಖಾತ್ರಿ ಎಂದಿದ್ದಾರೆ. ಏನು ಮಾಡೋಣ?

ಉತ್ತರ: ಮೊದಲು ಆ ಫೋನಿನ ವಿಷಯ ಮುಗಿಸೋಣ. ದಯವಿಟ್ಟು ಒಂದು ರೂಪಾಯಿಯನ್ನೂ ಈಗ ಕಟ್ಟಬೇಡಿ. ಖಾಸಗಿ ಕಾಲೇಜು ಎಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಕೃಷಿ, ತೋಟಗಾರಿಕೆ ಪದವಿಗಳಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ, ಅಂದರೆ ಐಸಿಎಆರ್‌ನ, ಮಾನ್ಯತೆ ತುಂಬಾ ಮುಖ್ಯ. ಮುಂದೆ ಎಂ.ಎಸ್ಸಿಗೆ ಹೋಗುವಾಗ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಪದವಿ ಎಲ್ಲಿಯದು, ಮಾನ್ಯತೆ ಇತ್ತಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಐಸಿಎಆರ್‌ನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಆ ಹೆಸರು ಅಲ್ಲಿ ಇದೆಯಾ, ಮಾನ್ಯತೆಯ ಅವಧಿ ಮುಗಿದಿಲ್ಲ ತಾನೇ ಎಂದು ನೀವೇ ನೋಡಿ. ಏಜೆಂಟ್ ಕಳಿಸುವ ಫೋಟೊ, ಪಿಡಿಎಫ್ ನಂಬಬೇಡಿ. ಪದವಿಯ ಪೂರ್ತಿ ಹೆಸರನ್ನೂ ಕೇಳಿ. ನಿಮಗೆ ಬೇಕಾದದ್ದು ನಾಲ್ಕು ವರ್ಷದ ಬಿ.ಎಸ್ಸಿ (ಆನರ್ಸ್) ತೋಟಗಾರಿಕೆ. ಮೂರು ವರ್ಷದ ಸಾಮಾನ್ಯ ಬಿ.ಎಸ್ಸಿಯಲ್ಲಿ ತೋಟಗಾರಿಕೆ ಒಂದು ವಿಷಯವಾಗಿ ಇರುವುದು ಬೇರೆ. ಹೆಸರು ಒಂದೇ ಥರ ಕೇಳಿಸುವುದರಿಂದ ಎಷ್ಟೋ ಪಾಲಕರು ಇಲ್ಲೇ ಎಡವುತ್ತಾರೆ.

ಇನ್ನು ಶಿರಸಿಯೋ ಬೆಂಗಳೂರೋ ಎಂಬ ಮಾತು. ಶಿರಸಿ, ಅರಭಾವಿ, ಬಾಗಲಕೋಟೆ ಕಾಲೇಜುಗಳೆಲ್ಲ 2008ರಲ್ಲಿ ಶುರುವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಪಠ್ಯ ಒಂದೇ, ಪದವಿ ಒಂದೇ. ಮೂಡಿಗೆರೆಯ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಅಲ್ಲಿಯೂ ಐಸಿಎಆರ್ ಹಾಕಿಕೊಟ್ಟ ಚೌಕಟ್ಟಿನಲ್ಲೇ ಪಾಠ. ಹಾಗಾಗಿ ಸರ್ಕಾರಿ ಕಾಲೇಜುಗಳ ನಡುವೆ ಆರಿಸುವಾಗ ಹೆಸರು, ಊರಿನ ದೊಡ್ಡಸ್ತಿಕೆ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಸುತ್ತ ಏನು ಬೆಳೆಯುತ್ತದೆ, ಮಕ್ಕಳ ಕೈಗೆ ಏನು ಸಿಗುತ್ತದೆ ಎಂಬುದೇ ನಿಜವಾದ ವ್ಯತ್ಯಾಸ.

ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಮಗಳನ್ನು ಬಾಗಲಕೋಟೆಗೆ ಕಳಿಸುತ್ತಿದ್ದೆ. ನಿಮಗೆ ಇದು ಅಚ್ಚರಿ ಅನಿಸಬಹುದು. ಕಾರಣ ಹೇಳುತ್ತೇನೆ.

ಅಡಿಕೆ ಅವಳಿಗೆ ಹೊಸದಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರಿಗಾಗಿ ಕಾಯುವುದು, ಬೆಟ್ಟದಿಂದ ಸೊಪ್ಪು ತರುವುದು, ಅಡಿಕೆಯನ್ನು ಒಣಗಿಸಿ ಚಾಲಿ ಮಾಡೋಣವೋ ಬೇಯಿಸಿ ಕೆಂಪು ಮಾಡೋಣವೋ ಎಂಬ ಚರ್ಚೆ, ಇದನ್ನೆಲ್ಲ ನೋಡಿಕೊಂಡೇ ಬೆಳೆದಿದ್ದಾಳೆ. ಅವಳು ನೋಡದೇ ಇರುವುದು ನೀರಿಲ್ಲದ ತೋಟಗಾರಿಕೆ. ನಿಮ್ಮಲ್ಲಿ ವರ್ಷಕ್ಕೆ 2000 ಮಿ.ಮೀ.ಗಿಂತ ಜಾಸ್ತಿ ಮಳೆ. ಬಾಗಲಕೋಟೆಯಲ್ಲಿ 600 ಮಿ.ಮೀ. ಆಸುಪಾಸು. ಅಲ್ಲಿ ಹನಿ ನೀರಾವರಿ ಬದುಕಿನ ಪ್ರಶ್ನೆ. ಪೈಪು ಕಟ್ಟಿಕೊಂಡರೆ ಬೆಳೆ ಹೋಯಿತು.

ದಾಳಿಂಬೆಯನ್ನೇ ನೋಡಿ. ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಕೊಂಬೆ ಸವರಿ, ಆಮೇಲೆ ಗೊಬ್ಬರ ನೀರು ಕೊಟ್ಟು ಎಲ್ಲಾ ಗಿಡಗಳಲ್ಲೂ ಒಂದೇ ಸಲ ಹೂ ಬರಿಸುತ್ತಾರೆ. ಮಲೆನಾಡಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎಲೆ ಕಳಚಿದ ಆ ಸಾಲುಗಳನ್ನು ಮೊದಲ ಸಲ ನೋಡಿ, 'ಸರ್, ಇವು ಸತ್ತೇ ಹೋದವಲ್ವಾ?' ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ. ಕೆಲವು ವಾರಗಳ ಬಳಿಕ ಅದೇ ಸಾಲು ಕೆಂಪು ಮೊಗ್ಗಿನಿಂದ ತುಂಬಿತ್ತು. ಗಿಡವನ್ನು ಎಷ್ಟು ಬಾಧಿಸಿದರೆ ಹೂ, ಎಷ್ಟು ಬಾಧಿಸಿದರೆ ಸಾವು ಎಂಬ ಅಂದಾಜು ಪುಸ್ತಕದಿಂದ ಬರುವುದಿಲ್ಲ. ಪಕ್ಕದ ವಿಜಯಪುರಕ್ಕೆ ಹೋದರೆ ದ್ರಾಕ್ಷಿ. ರೈತರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅನ್ನುತ್ತಾರೆ. ವರ್ಷಕ್ಕೆ ಎರಡು ಸಲ ಬಳ್ಳಿ ಸವರುವುದು, ಬೆಳೆ ಮಾತ್ರ ಒಂದು. ಯಾಕೆ ಎರಡು ಸಲ ಎಂದು ಒಬ್ಬ ದ್ರಾಕ್ಷಿ ಬೆಳೆಗಾರರ ಬಾಯಿಂದ ಕೇಳಿದರೆ ಗಿಡದ ಒಳಗಿನ ಗಡಿಯಾರ ಅರ್ಥವಾಗುತ್ತದೆ.

ಇದೆಲ್ಲ ಶಿರಸಿಯ ನರ್ಸರಿಗೆ ಯಾಕೆ ಬೇಕು ಅಂತ ಕೇಳಬಹುದು. ನಾಳೆ ಅವಳ ಹತ್ತಿರ ಗಿಡ ಕೊಳ್ಳಲು ಬರುವವರು ಶಿರಸಿಯವರು ಮಾತ್ರ ಅಲ್ಲ. ಹಾನಗಲ್ಲು, ಹಾವೇರಿ, ಹುಬ್ಬಳ್ಳಿ ಕಡೆಯಿಂದಲೂ ಬರುತ್ತಾರೆ. ಅವರ ಮಣ್ಣು, ಅವರ ನೀರು ಗೊತ್ತಿಲ್ಲದೆ ಅವರಿಗೆ ಗಿಡ ಕೊಡುವುದು ಹೇಗೆ? ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆ ಒಂದನ್ನೇ ನಂಬುವುದು ಎಷ್ಟು ಕಷ್ಟ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಶಿರಸಿ ಕಾಲೇಜಿನ ಬಲವೂ ದೊಡ್ಡದೇ. ಅಡಿಕೆ, ಕಾಳುಮೆಣಸು, ಹಲಸು, ಮುರುಗಲು ಎಲ್ಲಾ ಸುತ್ತಲೇ ಇವೆ. ಕಾಡುಹಿಪ್ಪಲಿಯ ಬೇರಿನ ಮೇಲೆ ಕಾಳುಮೆಣಸು ಕಸಿ ಕಟ್ಟಿ ಸೊರಗು ರೋಗವನ್ನು ದೂರ ಇಡುವ ಕೆಲಸವನ್ನು ನಿಮ್ಮ ಕಡೆಯ ರೈತರೇ ಎಷ್ಟು ಚೆಂದ ಮಾಡುತ್ತಾರೆ. ಕಾಫಿ, ಮೆಣಸು, ಏಲಕ್ಕಿಯಲ್ಲಿ ಆಸಕ್ತಿ ಇದ್ದರೆ ಮೂಡಿಗೆರೆಯೂ ಒಳ್ಳೆಯದು. ಮನೆಯ ಪರಿಸ್ಥಿತಿಯಿಂದ ಅವಳು ದೂರ ಹೋಗುವಂತಿಲ್ಲ ಅಂದರೆ ಶಿರಸಿಯನ್ನೇ ಧೈರ್ಯವಾಗಿ ಆರಿಸಿ. ಆಗ ರಜೆಯಲ್ಲಿ ಬಯಲುಸೀಮೆಯ ಯಾವುದಾದರೂ ತೋಟದಲ್ಲಿ ಒಂದು ತಿಂಗಳು ಕೆಲಸ ಮಾಡಿ ಬರಲಿ. ಬೆಂಗಳೂರಿನದು ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆ ಆವರಣದ ಕಾಲೇಜು. ಹೂವಿನ ಬೆಳೆ, ಪಾಲಿಹೌಸ್, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಾಮೀಪ್ಯ, ಇವು ಅಲ್ಲಿನ ಲಾಭ. ಸಂಶೋಧನೆ ಅಥವಾ ಬೀಜದ ಕಂಪನಿ ಕಡೆ ಮನಸ್ಸಿದ್ದರೆ ಬೆಂಗಳೂರು ಮೊದಲು ಬರುತ್ತದೆ. ಅವಳ ಆಸೆ ಅದಲ್ಲವಲ್ಲ.

ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವುದಕ್ಕೆ, ಮುಂಚೆ ಒಂದು ಕೆಲಸ ಮಾಡಿ. ಅಪ್ಪ ಮಗಳು ಕೂಡಿ ಎರಡು ಮೂರು ಕಾಲೇಜಿಗೆ ಹೋಗಿ ಬನ್ನಿ. ಪ್ರಾಂಶುಪಾಲರ ಕೊಠಡಿಗೆ ಆಮೇಲೆ ಹೋಗಬಹುದು, ಮೊದಲು ನರ್ಸರಿಗೆ ಹೋಗಿ. ತಾಯಿಗಿಡಗಳ ತಾಕು ಎಲ್ಲಿದೆ ಕೇಳಿ. ಮಾವು, ಸಪೋಟ, ಹಲಸಿನ ತಾಯಿಗಿಡಗಳಿಗೆ ತಳಿಯ ಹೆಸರಿನ ಫಲಕ ಇದೆಯಾ, ಗಿಡಗಳು ಆರೋಗ್ಯವಾಗಿವೆಯಾ ನೋಡಿ. ನರ್ಸರಿಗೆ ಪ್ರಾಣ ತಾಯಿಗಿಡ. ರಾಷ್ಟ್ರೀಯ ತೋಟಗಾರಿಕಾ ಮಂಡಳಿ ನರ್ಸರಿಗಳಿಗೆ ಮಾನ್ಯತೆ ಕೊಡುವಾಗಲೂ ಅದನ್ನು ನೋಡುತ್ತದೆ. ಆಮೇಲೆ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಮಾತಾಡಿಸಿ. 'ನೀನು ಕೈಯಾರೆ ಎಷ್ಟು ಕಸಿ ಕಟ್ಟಿದ್ದೀಯಪ್ಪ? ಎಷ್ಟು ಬದುಕಿದವು?' ಇಷ್ಟೇ ಕೇಳಿ. ಕಟ್ಟಿದವನು ಸತ್ತ ಗಿಡಗಳ ಲೆಕ್ಕವನ್ನೂ ಹೇಳುತ್ತಾನೆ, ಯಾಕೆ ಸತ್ತವು ಎಂದೂ ಹೇಳುತ್ತಾನೆ. ಮೇಷ್ಟ್ರು ಕಟ್ಟಿ ತೋರಿಸಿದರು ಎಂದಷ್ಟೇ ಹೇಳಿದರೆ, ಅಲ್ಲಿ ಮಕ್ಕಳ ಕೈಗೆ ಚಾಕು ಬಂದಿಲ್ಲ ಎಂದು ತಿಳಿಯಿರಿ.

ಇನ್ನೂ ಎರಡು ವಿಷಯ ವಿಚಾರಿಸಿ. ಖಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಎಂಬುದು ಒಂದು. ಕೊನೆಯ ವರ್ಷದ ಕಾರ್ಯಾನುಭವವನ್ನು ಹೇಗೆ ನಡೆಸುತ್ತಾರೆ ಎಂಬುದು ಇನ್ನೊಂದು. ಆ ವರ್ಷ ಮಕ್ಕಳು ಹಳ್ಳಿಯಲ್ಲಿ ರೈತರ ಜೊತೆ ಇದ್ದು ಕಲಿಯಬೇಕು. ಜೊತೆಗೆ ನರ್ಸರಿ, ಹೂವು, ಹಣ್ಣಿನ ಸಂಸ್ಕರಣೆ ಹೀಗೆ ಒಂದು ಘಟಕವನ್ನು ತಾವೇ ನಡೆಸಬೇಕು. ಕೆಲವು ಕಡೆ ಇದು ತುಂಬಾ ಚೆನ್ನಾಗಿ ನಡೆಯುತ್ತದೆ. ಇನ್ನು ಕೆಲವು ಕಡೆ ವರದಿ ಬರೆಯುವುದರಲ್ಲೇ ಮುಗಿಯುತ್ತದೆ. ನಿಮ್ಮ ಮಗಳಿಗೆ ನಾಲ್ಕು ವರ್ಷದಲ್ಲಿ ಅತಿ ಬೆಲೆಬಾಳುವ ತಿಂಗಳುಗಳು ಇವೇ.

ಸೀಟಿನ ದಾರಿ ನೇರವಾಗಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಬರೆಯಲಿ. ನಾಲ್ಕೂ ವಿಷಯ ಬರೆಯಲಿ, ಗಣಿತ ಬಿಡುವುದು ಬೇಡ. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ತಹಶೀಲ್ದಾರರಿಂದ ದೃಢೀಕರಣ ಪತ್ರ ಬೇಕು, ಅರ್ಜಿಯಲ್ಲೇ ಈ ಕೋಟಾ ಗುರುತು ಹಾಕಬೇಕು, ಕೃಷಿಯ ಪ್ರಾಯೋಗಿಕ ಪರೀಕ್ಷೆಗೆ ಹೋಗಬೇಕು. ಬೀಜ, ಗಿಡ, ಗೊಬ್ಬರ, ಉಪಕರಣಗಳನ್ನು ಗುರುತಿಸುವ ಪರೀಕ್ಷೆ ಅದು. ಕೋಟಾದ ರ‍್ಯಾಂಕ್‌ನಲ್ಲಿ ಅದರ ಅಂಕಕ್ಕೆ ದೊಡ್ಡ ಪಾಲು ಇದೆ. ತೋಟದ ಮಕ್ಕಳು ಸುಲಭ ಅಂದುಕೊಂಡು ಹೋಗಿ ಜೋಳ, ಸಜ್ಜೆ, ಕುಸುಬೆ ಕಾಳಿನ ಮುಂದೆ ತಡವರಿಸುತ್ತಾರೆ. ಹುಬ್ಬಳ್ಳಿ ಅಥವಾ ಹಾವೇರಿಯ ಬೀಜದ ಅಂಗಡಿಗೆ ಒಮ್ಮೆ ಕರೆದುಕೊಂಡು ಹೋಗಿ. ಒಂದೊಂದು ಹಿಡಿ ಬೀಜ ತಂದು ಡಬ್ಬಿಗೆ ಹಾಕಿ, ಹೆಸರು ಬರೆದು ಅಡುಗೆಮನೆ ಕಟ್ಟೆಯ ಮೇಲೆ ಇಡಿ.

ಜೊತೆಗೆ ದೇಶಮಟ್ಟದ ಪ್ರವೇಶ ಪರೀಕ್ಷೆಯಾದ ಸಿಯುಇಟಿಯನ್ನೂ ಬರೆಯಲಿ. ರಾಜ್ಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ 20% ಸೀಟು ಐಸಿಎಆರ್ ಪಾಲಿನಲ್ಲಿ ಇರುತ್ತವೆ. ಅದರಲ್ಲಿ ಕೇರಳ, ತಮಿಳುನಾಡಿನ ಕಾಲೇಜುಗಳು, ಹಿಮಾಚಲದ ಸೋಲನ್ ಹತ್ತಿರದ ನೌಣಿಯಂಥ ಸೇಬಿನ ನಾಡಿನ ವಿಶ್ವವಿದ್ಯಾಲಯವೂ ಸಿಗಬಹುದು. ಆಪ್ಷನ್ ಹಾಕುವಾಗ ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕಿ. ಸಿಗಲ್ಲ ಎಂದು ಹೆದರಿ ಇಷ್ಟದ ಕಾಲೇಜನ್ನು ಕೆಳಗೆ ತಳ್ಳಬೇಡಿ.

ಪ್ರಶ್ನೆ: ಮಗನಿಗೆ ಬಿ.ಎಸ್ಸಿ ಕೃಷಿ ಸೀಟು ಸಿಗುವುದು ಅನುಮಾನ. ತೋಟಗಾರಿಕೆ ತೆಗೆದುಕೊಂಡರೆ ಕೆಲಸದ ಅವಕಾಶ ಕಡಿಮೆಯಾ? — ತುಮಕೂರಿನ ಓದುಗರೊಬ್ಬರು

ಉತ್ತರ: ಕಡಿಮೆ ಅನ್ನಲಾರೆ, ಬೇರೆ ಅನ್ನುತ್ತೇನೆ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಇಬ್ಬರೂ ಅರ್ಹರು. ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆಗೆ ಈ ಪದವಿಯೇ ಬೇಕು. ಆದರೆ ಆ ನೇಮಕಾತಿ ಪ್ರತಿವರ್ಷ ಬರುವುದಿಲ್ಲ. ಅದೊಂದನ್ನೇ ನಂಬಿ ಓದಿಸಬೇಡಿ. ಹನಿ ನೀರಾವರಿ, ಬೀಜ, ಟಿಶ್ಯೂ ಕಲ್ಚರ್, ಹೂವಿನ ರಫ್ತು ಕಂಪನಿಗಳಲ್ಲಿ ಕೆಲಸ ಇದೆ. ಆರಂಭದ ಸಂಬಳ ದೊಡ್ಡದಿರುವುದಿಲ್ಲ, ಬಿಸಿಲಲ್ಲಿ ಓಡಾಟ ಜಾಸ್ತಿ. ಅದಕ್ಕೆ ಮಗ ತಯಾರಿದ್ದಾನಾ ಎಂದು ಅವನನ್ನೇ ಕೇಳಿ.

ಪ್ರಶ್ನೆ: ನಾನು ಕೋಲಾರ ಜಿಲ್ಲೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಟೊಮೆಟೊ ಬೆಳೆಯುತ್ತಿದ್ದೇನೆ. ಪಿಯುಸಿ ವಿಜ್ಞಾನ ಓದಿಲ್ಲ. ನನಗೂ ತೋಟಗಾರಿಕೆ ಕಲಿಯುವ ದಾರಿ ಇದೆಯಾ?

ಉತ್ತರ: ಇದೆ ತಮ್ಮಾ. ರಾಜ್ಯ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗಾಗಿ 10 ತಿಂಗಳ ತರಬೇತಿ ನಡೆಸುತ್ತದೆ. ಲಾಲ್‌ಬಾಗ್ ಸೇರಿ ಇಲಾಖೆಯ ಬೇರೆ ಬೇರೆ ಕೇಂದ್ರಗಳಲ್ಲಿ ಕನ್ನಡದಲ್ಲೇ ಪಾಠ ಇರುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಹೆತ್ತವರ ಹೆಸರಲ್ಲಿ ಜಮೀನು ಇರಬೇಕು, ಅದರ ಪಹಣಿ ಕೇಳುತ್ತಾರೆ. ಮೇ ತಿಂಗಳಿನಿಂದ ತರಬೇತಿ ಶುರು. ಅರ್ಜಿ ಅದಕ್ಕೂ ಮುಂಚೆಯೇ ಕರೆಯುತ್ತಾರೆ. ಪತ್ರಿಕೆಯಲ್ಲಿ ಪ್ರಕಟಣೆ ಚಿಕ್ಕದಾಗಿ ಬರುತ್ತದೆ, ಕಣ್ಣಿಗೆ ಬೀಳದೇ ಹೋಗಬಹುದು. ಜನವರಿ, ಫೆಬ್ರವರಿಯಲ್ಲೇ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಗೆ ಹೋಗಿ ಅರ್ಜಿ ಯಾವಾಗ ಎಂದು ಕೇಳು. ಹೋಗುವಾಗ ಜಮೀನಿನ ಪಹಣಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಜೊತೆಗಿರಲಿ.