ಅಕ್ಕನ ಮಗ ಗೇ, ಕಾಲೇಜಿನಲ್ಲಿ ಕಾಟ ಕೊಡುತ್ತಿದ್ದಾರೆ. ಅಕ್ಕ-ಭಾವನಿಗೆ ಹೇಳಿ ಬೆಂಗಳೂರಿನ ಹಾಸ್ಟೆಲ್‌ಗೆ ಸೇರಿಸಲಾ?

ಬೇಡ. ಎರಡೂ ಬೇಡ. ಹುಡುಗ ಸಾಗರದಲ್ಲಿ ಫಸ್ಟ್ ಪಿಯುಸಿ, ನಿಮಗೊಬ್ಬರಿಗೇ ಹೇಳಿಕೊಂಡಿದ್ದಾನೆ ಅಂತ ಬರೆದಿದ್ದೀರಿ. ಅದೇ ವಯಸ್ಸಿನಲ್ಲಿ, ತೀರ್ಥಹಳ್ಳಿ ಕಡೆ, ನಾನೂ ಸೋದರಮಾವನಿಗೊಬ್ಬರಿಗೇ ಹೇಳಿದ್ದೆ.

ನನಗೆ ಕಾಟ ಇದ್ದದ್ದು ಬಸ್ಸಿನಲ್ಲಿ. ಹಿಂದಿನ ಸೀಟಿನವರು ‘ಹೆಣ್ಣಿಗ’ ಅಂತ ಕೂಗುತ್ತಿದ್ದರು. ನನ್ನ ಕೊಡೆ ಕಿತ್ತುಕೊಂಡು ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸುತ್ತಿದ್ದರು. ಆಷಾಢದ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆ ಸೇರುತ್ತಿದ್ದೆ. ಅಮ್ಮ ಕೇಳಿದರೆ ಗಾಳಿಗೆ ಮುರೀತು ಅನ್ನುತ್ತಿದ್ದೆ.

ಮಾವ ಒಳ್ಳೆಯವರು. ಅಪ್ಪನಿಗೆ ಗೊತ್ತಾದರೆ ಕಾಲೇಜಿಗೆ ಬಂದು ಆ ಹುಡುಗರನ್ನು ದಬಾಯಿಸುತ್ತಾರೆ ಅಂದುಕೊಂಡರು. ನನ್ನನ್ನು ಒಂದು ಮಾತು ಕೇಳದೆ, ದೀಪಾವಳಿಗೆ ಬಂದಾಗ ಎಲ್ಲ ಹೇಳಿಬಿಟ್ಟರು. ಅಲ್ಲೇ ಎಲ್ಲ ಕೆಟ್ಟಿತು. ಅವರು ಹೇಳಿದ್ದು ಎರಡು ವಿಷಯ: ಹುಡುಗರು ಕಾಟ ಕೊಡುತ್ತಾರೆ, ಇವನು ಗೇ. ಎರಡನೆಯದು ಕಿವಿಗೆ ಬಿದ್ದ ಮೇಲೆ ಮೊದಲನೆಯದು ಯಾರಿಗೂ ಬೇಕಾಗಲಿಲ್ಲ. ಕೊಡೆ ಮುರಿದವರು ಯಾರು ಅಂತ ಅಪ್ಪ ಕೇಳಲೇ ಇಲ್ಲ. ಇವನಿಗೇನಾಗಿದೆ ಅನ್ನೋದೇ ಮನೆಯವರ ಚಿಂತೆಯಾಯಿತು. ಮೊದಲನೆಯದನ್ನಷ್ಟೇ ಹೇಳಿದ್ದರೆ ಅಪ್ಪ ಖಂಡಿತ ಕಾಲೇಜಿಗೆ ಬರುತ್ತಿದ್ದರು. ಬದಲಿಗೆ ನನ್ನನ್ನೇ ಕಾಲೇಜು ಬಿಡಿಸಿದರು. ಶಿವಮೊಗ್ಗದ ಡಾಕ್ಟರೊಬ್ಬರು ‘ಸರಿಹೋಗ್ತಾನೆ’ ಅಂತ ಮಾತ್ರೆ ಬರೆದುಕೊಟ್ಟರು. ಗೇ ಆಗಿರೋದು ಕಾಯಿಲೆಯೇ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಯಿಂದ 1990ರಲ್ಲೇ ತೆಗೆದಿದೆ! ಆ ವರ್ಷವೆಲ್ಲ ಮಾತ್ರೆಯ ಮಂಪರಿನಲ್ಲಿ ಅಡಿಕೆ ಸುಲಿಯುತ್ತಾ ಕೂತೆ. ಮಾವನ ಹತ್ತಿರ ಮತ್ತೆ ಏನೂ ಹೇಳಿಕೊಳ್ಳಲಿಲ್ಲ. ನನಗೆ ಅಂತ ಇದ್ದದ್ದು ಅವರೊಬ್ಬರೇ.

ನಿಮ್ಮ ಹುಡುಗನಿಗೆ ನೀವೊಬ್ಬರೇ, ಅಲ್ವಾ? ಹಾಸ್ಟೆಲ್‌ಗೆ ಕಳಿಸಿದರೆ ಅದೂ ಇಲ್ಲ. ಕಾಟ ಕೊಟ್ಟವರು ಅಲ್ಲೇ ಇರುತ್ತಾರೆ, ಊರು ಬಿಡುವವನು ಇವನು. ಇದು ಯಾವ ನ್ಯಾಯ?

ಅವನನ್ನು ಕೇಳಿಕೊಂಡು ಪ್ರಿನ್ಸಿಪಾಲರಿಗೆ ದೂರು ಬರೆಯಿರಿ. ಯಾರು, ಯಾವತ್ತು, ಏನು ಮಾಡಿದರು, ಇಷ್ಟೇ ಇರಲಿ. ಗೇ ಅನ್ನೋ ಮಾತು ಬೇಡ. ಹೊಡೆಯೋದು, ಹೀಯಾಳಿಸೋದು ಯಾರಿಗೆ ಮಾಡಿದರೂ ತಪ್ಪೇ. ಒಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಳ್ಳಿ. ಅಕ್ಕನಿಗೂ ಕಾಟದ ವಿಷಯ ಮಾತ್ರ ಹೇಳಿ. ಉಳಿದದ್ದನ್ನು ಯಾವಾಗ ಹೇಳಬೇಕು ಅನ್ನೋದು ಅವನಿಗೆ ಬಿಟ್ಟದ್ದು.

ಮುಂದೆ ಯಾರಾದರೂ ‘ಡಾಕ್ಟರಿಗೆ ತೋರಿಸಿ ಸರಿ ಮಾಡಿಸೋಣ’ ಅಂದರೆ ಒಪ್ಪಲೇಬೇಡಿ. ಹಾಗೆ ‘ಸರಿ ಮಾಡಲು’ ಹೊರಡುವುದು ಡಾಕ್ಟರುಗಳ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಅವನಿಗೆ ತುಂಬಾ ಬೇಜಾರಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಒಂದು ಸಂದರ್ಭದಲ್ಲಿ ಮಾತ್ರ ಗುಟ್ಟು ಅಂತ ಕೂರಬೇಡಿ. ಸಾಯೋ ಮಾತಾಡಿದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಗಲೂ ಯಾರಿಗೆ ಏನು ಹೇಳುತ್ತೀರಿ ಅಂತ ಮೊದಲು ಅವನಿಗೇ ಹೇಳಿ.