ಶ್ವಾಸಕೋಶದ ಗಂಟು: ಮರುಕಳಿಸಿದ ಕ್ಯಾನ್ಸರೇ?

ಪ್ರಶ್ನೆ: ಅಮ್ಮನ ಸ್ತನ ಕ್ಯಾನ್ಸರ್ ವಾಸಿಯಾಗಿ 6 ವರ್ಷ. ಈಗ ಶ್ವಾಸಕೋಶದಲ್ಲಿ ಗಂಟುಗಳಿವೆ, ಪೆಟ್ ಸ್ಕ್ಯಾನ್‌ನಲ್ಲೂ ಹೊಳೆದಿವೆ. ಮೂಗಿನಲ್ಲಿ ರಕ್ತದ ಹಕ್ಕಳೆ. ಬಯಾಪ್ಸಿ ಬೇಕೇ, ನೇರ ಕೀಮೋ ಆಗದೇ?
– ಓದುಗರು, ಉಡುಪಿ

ಉತ್ತರ: ಬಯಾಪ್ಸಿ ಬೇಕೇ ಬೇಕು. ಪೆಟ್ ತೋರಿಸುವುದು ಸಕ್ಕರೆ ಹೆಚ್ಚು ಹೀರುವ ಜಾಗಗಳನ್ನು. ಕ್ಷಯ, ಉರಿಯೂತಗಳೂ ಹೀರುತ್ತವೆ. ಮೂಗಿನ ಹಕ್ಕಳೆ ನೋಡಿದರೆ ಜಿಪಿಎ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತನಾಳಗಳ ಮೇಲೆ ಎರಗುವ ಕಾಯಿಲೆಯನ್ನೂ ಶಂಕಿಸಬೇಕು. ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಅಗ್ಗದ್ದೆಂದೋ ಏನೋ, ಇದನ್ನೇ ಮರೆಯುತ್ತಾರೆ! ಮೂತ್ರದಲ್ಲಿ ರಕ್ತ, ಪ್ರೋಟೀನ್ ಕಂಡು, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಏರುತ್ತಿದ್ದರೆ ಅಂದೇ ವೈದ್ಯರನ್ನು ಕಾಣಿ. ಜಿಪಿಎಯಲ್ಲಿ ಕಿಡ್ನಿ ಕೆಲವೇ ವಾರಗಳಲ್ಲಿ ಕೈಕೊಡಬಹುದು. ಅದರ ಪತ್ತೆಗೆ ಮಾಡುವ ರಕ್ತ ಪರೀಕ್ಷೆ ಪಿಆರ್3 ಆ್ಯಂಕಾ ನೆಗೆಟಿವ್ ಬಂದರೂ ಜಿಪಿಎ ಇಲ್ಲವೆಂದಲ್ಲ. ಸೂಜಿ ಬಯಾಪ್ಸಿಯಲ್ಲಿ ಬರೀ ‘ಸತ್ತ ಅಂಗಾಂಶ’ ಎಂದು ಬಂದರೆ ಮತ್ತೊಮ್ಮೆ ತೆಗೆಸಿ, ಒಂದು ತುಂಡು ಕ್ಷಯ ಪರೀಕ್ಷೆಗೂ ಹೋಗಲಿ. ಮಣಿಪಾಲಕ್ಕೋ ಮಂಗಳೂರಿಗೋ ಹೋಗುವಾಗ ಹಳೆಯ ಕ್ಯಾನ್ಸರಿನ ಅಂಗಾಂಶದ ಮಾದರಿಗಳಾದ ಸ್ಲೈಡ್, ಬ್ಲಾಕ್‌ಗಳನ್ನೂ ಒಯ್ಯಿರಿ. ಹೋಲಿಸಿ ನೋಡಲು ಅವು ಬೇಕು.