ಆರ್-27 ಕ್ಷಿಪಣಿಗಳಲ್ಲಿ ಯಾವುದನ್ನು ಎಲ್ಲಿ ಅಂಟಿಸಬೇಕು

1/72 ಅಳತೆಯ ಸುಖೋಯ್-30ಎಂಕೆಐ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್‌ನಲ್ಲಿ ಚೂಪು ಮೂತಿಯ, ಗುಂಡು ಮೂತಿಯ, ಗಿಡ್ಡ ಹಾಗೂ ಉದ್ದದ ಆರ್-27 ಕ್ಷಿಪಣಿಗಳೆಲ್ಲ ಒಟ್ಟಿಗೇ ಬಂದಿವೆ, ಅವುಗಳಲ್ಲಿ ಗುಂಡು ಮೂತಿಯವನ್ನು ಹೊಟ್ಟೆಯಡಿಗೆ ಅಂಟಿಸಬಹುದೇ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಗುಂಡು ಮೂತಿಯವುಗಳ ಜಾಗ ರೆಕ್ಕೆಯ ಕೆಳಗೆ ಮಾತ್ರ.

ಮಾಸ್ಕೋದ ವಿಂಪೆಲ್ ಸಂಸ್ಥೆ ವಿನ್ಯಾಸಗೊಳಿಸಿ, 1980ರ ದಶಕದಲ್ಲಿ ಮಿಗ್-29 ಮತ್ತು ಸುಖೋಯ್-27 ವಿಮಾನಗಳೊಂದಿಗೆ ಸೇವೆಗೆ ಬಂದ ಈ ಕ್ಷಿಪಣಿಯನ್ನು ನ್ಯಾಟೋ ದೇಶಗಳು ಅಲಾಮೊ ಎಂದು ಕರೆಯುತ್ತವೆ. ಇದರ ತಲೆ ಮತ್ತು ಮೋಟಾರನ್ನು ಬೇರೆ ಬೇರೆಯಾಗಿ ಬದಲಾಯಿಸಿಯೇ ಇಡೀ ಕುಟುಂಬವನ್ನು ಕಟ್ಟಲಾಗಿದೆ. ಚೂಪು ಮೂತಿಯ ಆರ್-27ಆರ್, ತನ್ನ ವಿಮಾನದ ರೇಡಾರ್ ಬೀರಿದ ಅಲೆಗಳು ಗುರಿಗೆ ಬಡಿದು ಚದುರಿದಾಗ ಅವನ್ನೇ ಹಿಡಿದು ಸಾಗುತ್ತದೆ. ಆದ್ದರಿಂದ ಕ್ಷಿಪಣಿ ತಾಗುವವರೆಗೂ ಪೈಲಟ್ ಗುರಿಯ ಮೇಲಿನಿಂದ ರೇಡಾರನ್ನು ತೆಗೆಯುವಂತಿಲ್ಲ. ಗುಂಡು ಮೂತಿಯ ಆರ್-27ಟಿ ಶತ್ರು ವಿಮಾನದ ಶಾಖವನ್ನು ಅರಸುತ್ತದೆ. ಇವೆರಡಕ್ಕೂ ದೊಡ್ಡ ಮೋಟಾರು ಜೋಡಿಸಿದರೆ ದೂರಗಾಮಿಗಳಾದ ಆರ್-27ಇಆರ್ ಮತ್ತು ಆರ್-27ಇಟಿ ಆಗುತ್ತವೆ. ಶತ್ರುವಿನ ರೇಡಾರ್ ಅಲೆಗಳನ್ನೇ ಬೆನ್ನಟ್ಟುವ ಆರ್-27ಪಿ ಎಂಬುದೂ ಇದೆ, ಆದರೆ ತಮ್ಮ ವಿಮಾನಕ್ಕೆ ಅದು ಬೇಕಾಗದು. ಸ್ವಂತ ರೇಡಾರ್ ಹೊಂದಿದ ರೂಪವನ್ನೂ ಯೋಜಿಸಲಾಗಿತ್ತಾದರೂ ಆ ಸ್ಥಾನವನ್ನು ಮುಂದೆ ಆರ್-77 ಎಂಬ ಬೇರೆ ಕ್ಷಿಪಣಿ ತುಂಬಿತು.

ಈಗ ಸ್ಕೇಲು ಹಿಡಿದು ನೋಡಿ. ಆರ್-27ಆರ್ ನಿಜದಲ್ಲಿ 4.08 ಮೀಟರ್ ಉದ್ದವಿರುವುದರಿಂದ ತಮ್ಮ ಅಳತೆಯಲ್ಲಿ ಸುಮಾರು 57 ಮಿ.ಮೀ. ಬರಬೇಕು; ಇಆರ್ ಸುಮಾರು 66 ಮಿ.ಮೀ. ಆಗುತ್ತದೆ. ಗುಂಡು ಮೂತಿಯವು ಇವುಗಳಿಗಿಂತ ತಲಾ 4 ಮಿ.ಮೀ.ಯಷ್ಟು ಗಿಡ್ಡ. ದೊಡ್ಡ ಮೋಟಾರಿನ ಭಾಗ ಉದ್ದದಲ್ಲಿ ಮಾತ್ರವಲ್ಲದೆ ದಪ್ಪದಲ್ಲೂ ಬೇರೆ: ನಿಜವಾದ ಕ್ಷಿಪಣಿಯಲ್ಲಿ ಮುಂಭಾಗದ ವ್ಯಾಸ 230 ಮಿ.ಮೀ. ಇದ್ದರೆ ಹಿಂಭಾಗದ್ದು 260 ಮಿ.ಮೀ. ಇರುತ್ತದೆ. ಕಿಟ್ ತಯಾರಕರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಗಿಡ್ಡ ಕ್ಷಿಪಣಿಯನ್ನೇ ಎಳೆದು ಉದ್ದ ಮಾಡಿ ಇಆರ್ ಎಂದು ಕೊಟ್ಟಿದ್ದರೆ ಹಿಂಭಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಒಂದು ಸುತ್ತು ಸುತ್ತಿ ಉಜ್ಜಿದರೆ ಸಾಕು. ನಡುವಿನ ರೆಕ್ಕೆಗಳು ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಅಗಲವಾಗಿ, ಚಿಟ್ಟೆಯ ರೆಕ್ಕೆಯಂತೆ ಇರುತ್ತವೆ. ಅವನ್ನು ತಲೆಕೆಳಗಾಗಿ ಅಂಟಿಸಿದ ಮಾದರಿಗಳು ಪ್ರದರ್ಶನಗಳಲ್ಲೂ ಕಾಣಸಿಗುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಜಾಗದ ವಿಚಾರಕ್ಕೆ ಬಂದರೆ, ರೇಡಾರ್ ಬಗೆಯನ್ನು ಎಕೆಯು-470 ಎಂಬ ಸಾಧನ ಮೊದಲು ಕೆಳಕ್ಕೆ ತಳ್ಳುತ್ತದೆ, ವಿಮಾನದಿಂದ ದೂರವಾದ ಮೇಲೆ ಮೋಟಾರು ಹೊತ್ತಿಕೊಳ್ಳುತ್ತದೆ. ಹಾಗಾಗಿ ಅದನ್ನು ಎಂಜಿನ್‌ಗಳ ನಡುವೆ ಹೊಟ್ಟೆಯಡಿಯಲ್ಲೂ ಗಾಳಿ ಒಳಹೋಗುವ ಬಾಯಿಗಳ ಕೆಳಗೂ ಕಟ್ಟಬಹುದು. ಶಾಖ ಅರಸುವ ಬಗೆಯಾದರೋ ವಿಮಾನದಲ್ಲಿರುವಾಗಲೇ ಗುರಿಯನ್ನು ಕಂಡು ಹಿಡಿದಿರಬೇಕು, ಅನಂತರ ಎಪಿಯು-470 ಎಂಬ ಹಳಿಯ ಮೇಲಿಂದ ಮುಂದಕ್ಕೆ ಜಾರಿ ಹೊರಡುತ್ತದೆ, ಮತ್ತು ಈ ಹಳಿ ಇರುವುದು ರೆಕ್ಕೆಯ ಕೆಳಗೆ. ಎರಡು ಸಾಧನಗಳ ಆಕಾರವೂ ಬೇರೆಯಾದ್ದರಿಂದ ಕಿಟ್‌ನಲ್ಲಿ ಯಾವುದು ಯಾವುದೆಂದು ಗುರುತಿಸಿಕೊಂಡೇ ಅಂಟು ತೆಗೆಯಿರಿ.

ಭಾರತೀಯ ವಾಯುಪಡೆಯ ಬಣ್ಣ ಹಾಕುವುದಾದರೆ ಆರ್-27 ಸಂಪೂರ್ಣ ಸೂಕ್ತ. 1987ರಲ್ಲಿ ಬಂದ ನಮ್ಮ ಮಿಗ್-29ಗಳೂ ಇದನ್ನು ಹೊತ್ತಿವೆ; 2019ರಲ್ಲಿ ಸುಖೋಯ್-30ಗಾಗಿ ಸುಮಾರು 1,500 ಕೋಟಿ ರೂಪಾಯಿಯ ಆರ್-27 ಖರೀದಿ ಒಪ್ಪಂದವಾದುದೂ ಸುದ್ದಿಯಾಗಿತ್ತು. ನನ್ನ ಆಯ್ಕೆ ಹೀಗಿದೆ: ಹೊಟ್ಟೆಯಡಿ ಒಂದರ ಹಿಂದೊಂದು ಎರಡು ಇಆರ್, ರೆಕ್ಕೆಯ ತುದಿಗಳಲ್ಲಿ ಆರ್-73 ಕ್ಷಿಪಣಿಗಳು, ಉಳಿದೆಡೆ ಬಾಲದಲ್ಲಿ ಜಾಲರಿ ರೆಕ್ಕೆಗಳಿರುವ ಆರ್-77. ಇಟಿ ಹಾಕಲೇಬೇಕೆಂದಿದ್ದರೆ ಎರಡು ರೆಕ್ಕೆಗಳ ಕೆಳಗೂ ಒಂದೊಂದು ಹಾಕಿ, ಅದರ ಮೂತಿಯ ಗಾಜಿಗೆ ಬಿಳಿ ಬಳಿಯದೆ ಗಾಢ ಹೊಳಪಿನ ಬಣ್ಣ ಕೊಡಿ. ಹೊಟ್ಟೆಯಡಿಯ ಎರಡು ಇಆರ್‌ಗಳನ್ನು ಅಂಟಿಸುವ ಮುನ್ನ ಮೇಣದಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಹಿಂದಿನದರ ಮೂತಿ ಮುಂದಿನದರ ಬಾಲಕ್ಕೆ ತಾಗದಂತೆ ನೋಡಿಕೊಳ್ಳಿ.